ಸಹಿ ಮಾಡಿಟ್ಟ ಮೂರು ಖಾಲಿ ಚೆಕ್ಕುಗಳು

ಚೀಲದಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದೆ. ಪಾಸ್‌ಬುಕ್, ಅರ್ಧ ಮುಗಿದ ಎರಡು ರಸೀದಿ ಪುಸ್ತಕ, ರಬ್ಬರ್ ಬ್ಯಾಂಡ್ ಹಾಕಿದ ಬಿಲ್ಲುಗಳ ಕಟ್ಟು, ಒಂದಷ್ಟು ಚೀಟಿ, ಕೊನೆಗೆ ಚೆಕ್‌ಬುಕ್. ಅದನ್ನು ತೆರೆದರೆ ಮೂರು ಹಾಳೆಗಳಲ್ಲಿ ಅಧ್ಯಕ್ಷರ ಸಹಿ ಮೊದಲೇ ಇತ್ತು. ಯಾರಿಗೆ, ಎಷ್ಟು, ಯಾವ ತಾರೀಖು, ಉಳಿದದ್ದೆಲ್ಲ ಖಾಲಿ. ಖಜಾಂಚಿಯ ಸಹಿ ಒಂದು ಬಿದ್ದರೆ ಸಾಕು, ಪೋಷಕ-ಶಿಕ್ಷಕರ ಸಂಘದ ಅಷ್ಟೂ ಹಣವನ್ನು ಒಂದೇ ದಿನದಲ್ಲಿ ತೆಗೆದುಬಿಡಬಹುದಿತ್ತು.

ಅದರ ಹಿಂದೆ ಕೆಟ್ಟ ಉದ್ದೇಶ ಇರಲಿಲ್ಲ. ಅಧ್ಯಕ್ಷರು ಕೆಲಸದ ಮೇಲೆ ಆಗಾಗ ಪರ ಊರಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ಖರ್ಚು ಬಂದರೆ ಕೆಲಸ ನಿಲ್ಲಬಾರದು ಅಂತ ಸಹಿ ಮಾಡಿಟ್ಟು ಹೋಗುತ್ತಿದ್ದರು. ಆದರೆ ಎರಡು ಸಹಿ ಬೇಕು ಅಂತ ನಿಯಮ ಇದ್ದದ್ದೇ ಒಬ್ಬರ ಖರ್ಚನ್ನು ಇನ್ನೊಬ್ಬರು ನೋಡಲಿ ಅಂತ. ಖಾಲಿ ಚೆಕ್ಕಿಗೆ ಸಹಿ ಹಾಕಿದವರು ಏನನ್ನೂ ನೋಡಿರುವುದಿಲ್ಲ ಅಲ್ವಾ?

ನಾನು ಖಜಾಂಚಿ ಆದದ್ದು ವರ್ಷದ ನಡುವೆ. ನನ್ನ ಹಿಂದೆ ಇದ್ದವರು ರಾಜೀನಾಮೆ ಕೊಟ್ಟಿದ್ದರು. ಶಾಲೆಯ ಮೇಳದಲ್ಲಿ ಬಂದ ಹಣ ಹಿಂದಿನ ವರ್ಷಕ್ಕಿಂತ ತುಂಬಾ ಕಡಿಮೆ ಆಗಿತ್ತು. ಗೇಟಿನ ಹತ್ತಿರ ಮಕ್ಕಳಿಗಾಗಿ ಕಾಯುವಾಗ ಯಾರೋ ಒಬ್ಬರು "ಜನ ಏನೋ ಜಾಸ್ತಿನೇ ಬಂದಿದ್ರು, ದುಡ್ಡು ಎಲ್ಲಿ ಹೋಯ್ತೋ" ಅಂದಿದ್ದರು. ಅಷ್ಟೇ ಮಾತು. ಯಾರೂ ಹಿಂದಿನ ಖಜಾಂಚಿಯನ್ನು ನೇರವಾಗಿ ಕೇಳಲಿಲ್ಲ, ಲೆಕ್ಕ ತೋರಿಸಿ ಅನ್ನಲಿಲ್ಲ. ಎರಡು ವಾರದಲ್ಲಿ ಆ ಮಾತು ಎಲ್ಲ ತರಗತಿಗಳ ಪೋಷಕರನ್ನೂ ಮುಟ್ಟಿತ್ತು. ಅವರು ಒಂದು ಸಾಲಿನ ಪತ್ರ ಬರೆದು ಬಿಟ್ಟುಹೋದರು. ಮಗುವನ್ನು ಬಿಡಲು ಬರುವಾಗಲೂ ಯಾರ ಮುಖ ನೋಡುತ್ತಿರಲಿಲ್ಲ.

ಮುಂದಿನ ಸಭೆಯಲ್ಲಿ ಯಾರು ಖಜಾಂಚಿ ಆಗ್ತೀರಿ ಅಂದಾಗ ಯಾರೂ ಕೈ ಎತ್ತಲಿಲ್ಲ. ನಾನು ಎತ್ತಿದೆ. ನನಗೆ ಲೆಕ್ಕಪತ್ರದ ಓದು ಏನೂ ಇರಲಿಲ್ಲ. ಆ ಮನುಷ್ಯರ ಬಗ್ಗೆ ನನಗೆ ಗೌರವ ಇತ್ತು, ಅವರ ಹೆಸರಿಗೆ ಅಂಟಿದ್ದು ನಿಜವೋ ಸುಳ್ಳೋ ಗೊತ್ತಾಗಬೇಕು ಅನ್ನಿಸಿತ್ತು.

ಮೊದಲ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅಂದರೆ, ಲೆಕ್ಕಕ್ಕೆ ಕೈ ಹಾಕಲಿಲ್ಲ. ಕಾರ್ಯದರ್ಶಿಯನ್ನು ಕರೆದು ಕೂರಿಸಿಕೊಂಡೆ. ಚೀಲದಲ್ಲಿ ಏನೇನಿದೆ ಅಂತ ಇಬ್ಬರೂ ಸೇರಿ ಪಟ್ಟಿ ಮಾಡಿದೆವು. ಯಾವ ಸಂಖ್ಯೆಯಿಂದ ಯಾವ ಸಂಖ್ಯೆವರೆಗೆ ರಸೀದಿ ಹರಿದಿದೆ, ಎಷ್ಟು ಚೆಕ್ ಹಾಳೆ ಉಳಿದಿದೆ, ನಗದು ಎಷ್ಟಿದೆ ಅಂತ ಬರೆದು ಇಬ್ಬರೂ ಸಹಿ ಹಾಕಿದೆವು. ಪ್ರತಿ ಬಿಲ್ಲಿನ ಫೋಟೋ ತೆಗೆದೆವು. ಇದು ಅಧಿಕಾರ ಒಪ್ಪಿಸುವಾಗಲೇ ಆಗಬೇಕಿತ್ತು. ಸಹಿ ಇದ್ದ ಮೂರು ಚೆಕ್ಕುಗಳಿಗೆ ಅಡ್ಡಗೆರೆ ಎಳೆದು, 'ರದ್ದು' ಅಂತ ಬರೆದು, ಹರಿಯದೆ ಪುಸ್ತಕದಲ್ಲೇ ಬಿಟ್ಟೆವು. ಹರಿದು ಬಿಸಾಕಿದರೆ ಆ ಸಂಖ್ಯೆಯ ಚೆಕ್ ಎಲ್ಲಿ ಹೋಯಿತು ಅನ್ನುವ ಪ್ರಶ್ನೆ ಮತ್ತೆ ಹುಟ್ಟುತ್ತದೆ.

ಸಂಜೆ ಅಧ್ಯಕ್ಷರು ಫೋನ್ ಮಾಡಿದರು. ದನಿಯಲ್ಲಿ ಬೇಸರ ಇತ್ತು.

"ನನ್ನ ಮೇಲೆ ನಂಬಿಕೆ ಇಲ್ವಾ ಮೇಡಂ?"

"ನಂಬಿಕೆ ಇದೆ ಸರ್. ನಾಳೆ ಯಾರಾದ್ರೂ ನಿಮ್ಮನ್ನು ಕೇಳಿದ್ರೆ ಉತ್ತರ ಕೊಡೋಕೆ ನಿಮ್ಮ ಹತ್ರ ಕಾಗದ ಇರಬೇಕಲ್ಲ. ಅವರ ಹತ್ರ ಇರಲಿಲ್ಲ, ಏನಾಯ್ತು ನೋಡಿದ್ರಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಸರಿ" ಅಂದರು. ಆವತ್ತು ಅವರು ಪೂರ್ತಿ ಒಪ್ಪಿದ್ದರು ಅಂತ ನನಗೆ ಅನ್ನಿಸಲಿಲ್ಲ.

ಬ್ಯಾಂಕಿನಲ್ಲಿ ನನ್ನ ಸಹಿ ಸೇರಿಸಲು ಹೋದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಸಭೆಯ ನಡಾವಳಿ ಪ್ರತಿ ಬೇಕು ಅಂದರು. ಸಭೆಯಲ್ಲಿ ನಿರ್ಣಯ ಆಗಿ, ಪುಸ್ತಕದಲ್ಲಿ ಬರೆದು, ಅಧ್ಯಕ್ಷರ ಮತ್ತು ಕಾರ್ಯದರ್ಶಿಯ ಸಹಿ ಇರಬೇಕು. ನಮ್ಮ ನಡಾವಳಿ ಪುಸ್ತಕದಲ್ಲಿ ಬಹಳ ತಿಂಗಳಿಂದ ಒಂದು ಸಾಲೂ ಇರಲಿಲ್ಲ. ನನ್ನನ್ನು ಆರಿಸಿದ ಸಭೆಯದ್ದೂ ಇರಲಿಲ್ಲ. ಅಂದರೆ ಕಾಗದದ ಪ್ರಕಾರ ನಾನು ಖಜಾಂಚಿಯೇ ಅಲ್ಲ.

ಮನೆಗೆ ಬಂದು ಸಂಘದ ನಿಯಮಾವಳಿ ಹುಡುಕಿ ಓದಿದೆ. ಎರಡೇ ಪುಟ. ಸರ್ವಸದಸ್ಯರ ಸಭೆಗೆ ಒಟ್ಟು ಸದಸ್ಯರಲ್ಲಿ ಮೂರನೇ ಒಂದು ಭಾಗ ಹಾಜರಿರಬೇಕು ಅಂತ ಇತ್ತು. ಶಾಲೆಯ ಎಲ್ಲ ಮಕ್ಕಳ ಪೋಷಕರೂ ಸದಸ್ಯರು. ನಮ್ಮಲ್ಲಿ 420 ಜನ. ಅಂದರೆ ಕೋರಂಗೆ 140 ಜನ ಬೇಕು. ಬರುತ್ತಿದ್ದವರು 30, ಹೆಚ್ಚೆಂದರೆ 35. ಹಾಗಾಗಿ ಎಷ್ಟೋ ಕಾಲದಿಂದ ನಾವು ಮಾಡಿದ ಒಂದು ತೀರ್ಮಾನವೂ ನಿಯಮದ ಪ್ರಕಾರ ಆಗಿರಲಿಲ್ಲ. ಹಣದ ಗೊಂದಲ ಶುರುವಾದದ್ದು ಇಲ್ಲಿ ಅಂತ ನನಗೆ ಅನ್ನಿಸಿತು. ಸಭೆಯೇ ಸರಿಯಾಗಿ ಆಗದಿದ್ದರೆ ಬಜೆಟ್ ಯಾರು ಒಪ್ಪಬೇಕು? ಯಾರೂ ಒಪ್ಪದಿದ್ದ ಖರ್ಚನ್ನು ಖಜಾಂಚಿ ಯಾರ ಹೆಸರಲ್ಲಿ ಮಾಡಬೇಕು?

ಅದೃಷ್ಟಕ್ಕೆ ಅದೇ ನಿಯಮಾವಳಿಯಲ್ಲಿ ಒಂದು ದಾರಿ ಇತ್ತು. ಕೋರಂ ಇಲ್ಲದೆ ಸಭೆ ಮುಂದೂಡಿದರೆ, ಒಂದು ವಾರದ ನಂತರ ಅದೇ ವಿಷಯಗಳಿಗೆ ಮತ್ತೆ ಸೇರಿ, ಬಂದಷ್ಟು ಜನರಲ್ಲೇ ತೀರ್ಮಾನ ಮಾಡಬಹುದಿತ್ತು. ಹಾಗೇ ಮಾಡಿದೆವು. ಮೊದಲ ದಿನ ಹೆಸರು ಬರೆದುಕೊಂಡು, ಕೋರಂ ಇಲ್ಲ ಅಂತ ದಾಖಲಿಸಿ ಎದ್ದೆವು. ಒಂದು ವಾರ ಬಿಟ್ಟು ಮತ್ತೆ ಸೇರಿದೆವು. ಆ ಸಂಜೆ ಮೂರು ಗಂಟೆ ಕೂತಿದ್ದೆವು. ಮಕ್ಕಳು ಪಕ್ಕದ ಕೋಣೆಯಲ್ಲಿ ಚಿತ್ರ ಬರೆಯುತ್ತಾ ನಿದ್ದೆ ಹೋಗಿದ್ದರು.

ಕೋರಂ 25 ಜನ ಅಂತ ಬದಲಾಯಿಸಿದೆವು. ಆಗ ಹಿಂದಿನ ಸಾಲಿನಿಂದ ಒಬ್ಬ ತಂದೆ ಎದ್ದು ಒಳ್ಳೆಯ ಪ್ರಶ್ನೆ ಕೇಳಿದರು. "ಸಮಿತಿಯವರೇ 11 ಜನ ಇದ್ದೀರಿ. ನಿಮ್ಮ ಮನೆಯವರು ಬಂದ್ರೆ ಕೋರಂ ಆಗೇ ಹೋಯ್ತಲ್ಲ?" ಅವರ ಮಾತು ಸರಿ ಇತ್ತು. ಹಾಜರಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಮಿತಿಯವರೂ ಅವರ ಮನೆಯವರೂ ಅಲ್ಲದ ಪೋಷಕರಾಗಿರಬೇಕು ಅಂತ ಸೇರಿಸಿದೆವು. ಆ ನಿಯಮಾವಳಿಯಲ್ಲಿ ನನಗೆ ಈಗಲೂ ಹೆಚ್ಚು ಇಷ್ಟವಾದ ಸಾಲು ಅದು. ಖಜಾಂಚಿ ಎರಡು ಅವಧಿಗಿಂತ ಹೆಚ್ಚು ಇರಬಾರದು, ಸಭೆಯ ತಿಳಿವಳಿಕೆ ಪತ್ರ 10 ದಿನ ಮೊದಲು ಮನೆಗೆ ತಲುಪಬೇಕು, ಸಂಘ ಮುಚ್ಚಿದರೆ ಉಳಿದ ಹಣ ಮಕ್ಕಳ ಓದಿಗೇ ಹೋಗಬೇಕು, ಸದಸ್ಯರು ಹಂಚಿಕೊಳ್ಳುವ ಹಾಗಿಲ್ಲ. ಇವೆಲ್ಲ ಚರ್ಚೆ ಇಲ್ಲದೆ ಪಾಸಾದವು.

ಸಹಿ ಯಾರದ್ದು ಇರಬೇಕು ಅನ್ನುವುದಕ್ಕೆ ಮಾತ್ರ ತುಂಬಾ ಹೊತ್ತು ಹಿಡಿಯಿತು. ಒಬ್ಬರು ಮುಖ್ಯೋಪಾಧ್ಯಾಯಿನಿ, ಇನ್ನೊಬ್ಬರು ಶಿಕ್ಷಕರ ಪ್ರತಿನಿಧಿ ಆಗಲಿ, ಇಬ್ಬರೂ ದಿನಾ ಶಾಲೆಯಲ್ಲೇ ಸಿಗುತ್ತಾರೆ ಅಂತ ಕೆಲವರು ಹೇಳಿದರು. ಕೇಳಲು ಅನುಕೂಲ ಅನ್ನಿಸುತ್ತದೆ. ಆದರೆ ಮೇಲಿನವರು ಕಾಗದ ಮುಂದಿಟ್ಟಾಗ ಅವರ ಕೈಕೆಳಗೆ ಕೆಲಸ ಮಾಡುವವರು 'ಇದು ಬೇಡ' ಅನ್ನೋದು ಹೇಗೆ? ಗಂಡ-ಹೆಂಡತಿ ಇಬ್ಬರ ಸಹಿಯೂ ಹಾಗೆಯೇ. ಕೊನೆಗೆ ಅಧ್ಯಕ್ಷರು, ಉಪಾಧ್ಯಕ್ಷರು, ಖಜಾಂಚಿ ಈ ಮೂವರಲ್ಲಿ ಯಾರಾದರೂ ಇಬ್ಬರು, ಒಂದೇ ಮನೆಯವರಾಗಿರಬಾರದು, ಒಬ್ಬರ ಕೈಕೆಳಗೆ ಇನ್ನೊಬ್ಬರು ಕೆಲಸ ಮಾಡುತ್ತಿರಬಾರದು ಅಂತ ಬರೆದೆವು. ಮೂವರು ಇದ್ದದ್ದರಿಂದ ಅಧ್ಯಕ್ಷರು ಊರಲ್ಲಿಲ್ಲದಾಗಲೂ ಕೆಲಸ ನಿಲ್ಲಲಿಲ್ಲ. ಖಾಲಿ ಚೆಕ್ಕಿಗೆ ಸಹಿ ಮಾಡುವ ಅಗತ್ಯವೇ ಹೋಯಿತು.

ಖಾತೆಗೆ ಒಂದು ಡೆಬಿಟ್ ಕಾರ್ಡೂ ಇತ್ತು. ಚೆಕ್ಕಿಗೆ ಎರಡು ಸಹಿ ಬೇಕು, ಕಾರ್ಡಿಗೆ ಒಬ್ಬರ ಪಿನ್ ಸಾಕು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಕಾರ್ಡನ್ನು ಹಿಂತಿರುಗಿಸಿದೆವು. ಆನ್‌ಲೈನ್ ಪಾವತಿಗೆ ಒಬ್ಬರು ದಾಖಲಿಸಬೇಕು, ಇನ್ನೊಬ್ಬರು ಒಪ್ಪಿಗೆ ಕೊಟ್ಟ ಮೇಲೆಯೇ ಹಣ ಹೋಗಬೇಕು ಅನ್ನುವ ವ್ಯವಸ್ಥೆ ಕೇಳಿ ಹಾಕಿಸಿಕೊಂಡೆವು. ಕೇಳದಿದ್ದರೆ ಅದು ತಾನಾಗಿ ಬರುತ್ತಿರಲಿಲ್ಲ.

ಇಷ್ಟಾದ ಮೇಲೆ ಹಳೆಯ ಲೆಕ್ಕಕ್ಕೆ ಕೂತೆ.

ಬ್ಯಾಂಕಿನಿಂದ ಒಂದೂವರೆ ವರ್ಷದ ಸ್ಟೇಟ್‌ಮೆಂಟ್ ತಂದೆ. ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಕಡೆ ಸ್ಟೇಟ್‌ಮೆಂಟ್, ಇನ್ನೊಂದು ಕಡೆ ನಗದು ಪುಸ್ತಕ ಇಟ್ಟುಕೊಂಡು ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಹೋದೆ. ಪುಸ್ತಕದಲ್ಲಿದ್ದು ಬ್ಯಾಂಕಿನಲ್ಲಿ ಇಲ್ಲದ್ದು ಯಾವುದು, ಬ್ಯಾಂಕಿನಲ್ಲಿದ್ದು ಪುಸ್ತಕದಲ್ಲಿ ಇಲ್ಲದ್ದು ಯಾವುದು. ನಾವು ಕೊಟ್ಟ ಚೆಕ್ಕನ್ನು ಪಡೆದವರು ಇನ್ನೂ ಹಾಕದೇ ಇರಬಹುದು. ಬ್ಯಾಂಕು ತನ್ನ ಶುಲ್ಕ ಹಿಡಿದುಕೊಂಡದ್ದು ನಮ್ಮ ಪುಸ್ತಕಕ್ಕೆ ಬಂದಿರದೇ ಇರಬಹುದು. ಅವನ್ನೆಲ್ಲ ಸೇರಿಸಿ ಕಳೆದ ಮೇಲೆ ಎರಡೂ ಕಡೆಯ ಶಿಲ್ಕು ಒಂದೇ ಬರಬೇಕು.

ಮೊದಲ ಆರು ತಿಂಗಳಿನದ್ದು ಬರಲಿಲ್ಲ. 540 ವ್ಯತ್ಯಾಸ. ನಾಲ್ಕು ರಾತ್ರಿ ಹುಡುಕಿದೆ. ಕೊನೆಗೆ ಲೆಕ್ಕಪತ್ರದ ಕೆಲಸದಲ್ಲಿ ವರ್ಷಗಟ್ಟಲೆ ಇದ್ದ ಒಬ್ಬ ಮಗುವಿನ ಅಜ್ಜನನ್ನು ಕೇಳಿದೆ. ಅವರು ಕಾಗದವನ್ನೇ ನೋಡಲಿಲ್ಲ. "ಒಂಬತ್ತರಿಂದ ಭಾಗಿಸಿ ನೋಡಮ್ಮ" ಅಂದರು. 60 ಬಂತು, ಶೇಷ ಇಲ್ಲ. "ಹಾಗಾದ್ರೆ ಎಲ್ಲೋ ಎರಡು ಅಂಕಿ ಅದಲು ಬದಲಾಗಿರಬಹುದು, ಅಂಥದ್ದನ್ನೇ ಹುಡುಕು." ಹತ್ತು ನಿಮಿಷದಲ್ಲಿ ಸಿಕ್ಕಿತು. ಬ್ಯಾಂಕಿಗೆ ಕಟ್ಟಿದ್ದು 1,280. ಪುಸ್ತಕದಲ್ಲಿ ಬರೆದದ್ದು 1,820. ಪಕ್ಕಪಕ್ಕದ ಎರಡು ಅಂಕಿ ತಿರುಗಿದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. 28ರ ಬದಲು 82 ಬರೆದರೆ 54, 36ರ ಬದಲು 63 ಬರೆದರೆ 27. ಇನ್ನೊಂದನ್ನೂ ಅವರು ಹೇಳಿಕೊಟ್ಟರು. ವ್ಯತ್ಯಾಸ ಸಮಸಂಖ್ಯೆ ಆಗಿದ್ದರೆ ಅದನ್ನು ಅರ್ಧ ಮಾಡಿ, ಆ ಮೊತ್ತ ಪುಸ್ತಕದಲ್ಲಿ ಇದೆಯಾ ನೋಡಬೇಕು. ಜಮಾ ಕಡೆ ಬರೆಯಬೇಕಾದದ್ದು ಖರ್ಚಿನ ಕಡೆ ಬಿದ್ದಿದ್ದರೆ ಅಲ್ಲಿ ಸಿಗುತ್ತದೆ. ಗೇಟಿನ ಹತ್ತಿರ ಮಾತಾಡುತ್ತಿದ್ದವರ ಕೈಗೆ ಆ 540 ಮೊದಲು ಸಿಕ್ಕಿದ್ದರೆ ಅದನ್ನು ಏನಂತ ಕರೆಯುತ್ತಿದ್ದರು ಅಂತ ಯೋಚಿಸಿ ನನಗೆ ನಿಜಕ್ಕೂ ಭಯವಾಯಿತು.

ಮೇಳದ ಲೆಕ್ಕವೂ ನಿಧಾನಕ್ಕೆ ಬಿಚ್ಚಿಕೊಂಡಿತು. ಹಿಂದಿನ ಖಜಾಂಚಿ ಆ ದಿನ ಬಂದ ನಗದಿನಿಂದಲೇ ಪೆಂಡಾಲಿಗೆ, ಮೈಕ್ ಸೆಟ್‌ಗೆ, ಕುರ್ಚಿ ಬಾಡಿಗೆಗೆ ಕೊಟ್ಟುಬಿಟ್ಟಿದ್ದರು. ಉಳಿದದ್ದನ್ನು ಮಾತ್ರ ಬ್ಯಾಂಕಿಗೆ ಕಟ್ಟಿದ್ದರು. ಹಿಂದಿನ ವರ್ಷ ಅದೇ ಖರ್ಚುಗಳು ಚೆಕ್ಕಿನಲ್ಲಿ ಹೋಗಿದ್ದವು. ಹಾಗಾಗಿ ಈ ವರ್ಷ ಬ್ಯಾಂಕಿಗೆ ಬಂದದ್ದು ಕಡಿಮೆ ಕಂಡಿತು. ಹಣ ಎಲ್ಲೂ ಹೋಗಿರಲಿಲ್ಲ. ಬಿಲ್ಲುಗಳು ಆ ರಬ್ಬರ್ ಬ್ಯಾಂಡಿನ ಕಟ್ಟಿನಲ್ಲೇ ಇದ್ದವು, ಒಂದನ್ನು ಬಿಟ್ಟು. ಕುರ್ಚಿ ಬಾಡಿಗೆಯ ಬಿಲ್ ಎಲ್ಲೂ ಸಿಗಲಿಲ್ಲ. ಬಾಡಿಗೆಗೆ ಕೊಟ್ಟವರು ಆ ವ್ಯಾಪಾರ ಬಿಟ್ಟಿದ್ದರು. ಇನ್ನೊಂದು ಕಡೆ, ಹಿಂದಿನ ಖಜಾಂಚಿ ಸ್ವಂತ ದುಡ್ಡಿನಲ್ಲಿ ಮಾಡಿದ ಖರ್ಚಿನ ಚೀಟಿಗಳು ಒಂಬತ್ತು ಸಿಕ್ಕವು. ಅದನ್ನು ಅವರು ಸಂಘದಿಂದ ಕೇಳಿಯೇ ಇರಲಿಲ್ಲ.

ಆ ದಿನಗಳಲ್ಲಿ ಇಂಥ ವಿಷಯ ಸಿಕ್ಕಲ್ಲೆಲ್ಲ ಓದುತ್ತಿದ್ದೆ. ಡೊನಾಲ್ಡ್ ಕ್ರೆಸ್ಸಿ ಅಂತ ಅಮೆರಿಕದ ಒಬ್ಬ ಅಪರಾಧಶಾಸ್ತ್ರಜ್ಞ ಇದ್ದರು. ಬೇರೆಯವರ ಹಣ ನೋಡಿಕೊಳ್ಳುವ ಜಾಗದಲ್ಲಿದ್ದು ಅದನ್ನು ಬಳಸಿಕೊಂಡು ಜೈಲಿಗೆ ಹೋದವರನ್ನು ಅವರು ಮಾತಾಡಿಸಿದ್ದರು. ಆ ಅಧ್ಯಯನ 1953ರಲ್ಲಿ ಪ್ರಕಟವಾಯಿತು. ಕದಿಯಬೇಕು ಅಂತಲೇ ಆ ಕೆಲಸಕ್ಕೆ ಸೇರಿದವರನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಉಳಿದವರಲ್ಲಿ ಅವರು ಕಂಡದ್ದು ಇದು. ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಹಣದ ಕಷ್ಟ ಬಂದಿತ್ತು. ಕೈಯಲ್ಲಿದ್ದ ಹಣದಿಂದ ಯಾರಿಗೂ ತಿಳಿಯದೆ ಆ ಕಷ್ಟವನ್ನು ನೀಗಿಸಿಕೊಳ್ಳಬಹುದು ಅಂತ ಕಂಡಿತ್ತು. 'ಸಾಲ ತಗೊಂಡಿದ್ದೀನಿ ಅಷ್ಟೇ, ವಾಪಸ್ ಇಡ್ತೀನಿ' ಅನ್ನುವಂಥ ಮಾತನ್ನು ತಮಗೆ ತಾವೇ ಹೇಳಿಕೊಂಡಿದ್ದರು. ಒಬ್ಬರ ಮನೆಯ ಕಷ್ಟ ಸಂಘಕ್ಕೆ ಗೊತ್ತಾಗುವುದಿಲ್ಲ, ಅವರು ತಮಗೆ ಏನು ಹೇಳಿಕೊಳ್ಳುತ್ತಾರೆ ಅನ್ನುವುದೂ ಕೇಳಿಸುವುದಿಲ್ಲ. ನಮ್ಮ ಕೈಯಲ್ಲಿರುವುದು ನಡುವಿನದ್ದು ಮಾತ್ರ, ಯಾರಿಗೂ ತಿಳಿಯದೆ ತೆಗೆಯುವ ಅವಕಾಶ. ಒಬ್ಬ ಒಳ್ಳೆಯ ಮನುಷ್ಯನನ್ನು ಇಷ್ಟೊಂದು ಹಣದ ಜೊತೆ ಒಂಟಿಯಾಗಿ ಬಿಡುವುದು ಆ ಮನುಷ್ಯನಿಗೇ ಮಾಡುವ ಅನ್ಯಾಯ ಅಂತ ಆಗ ನನಗೆ ಗಟ್ಟಿಯಾಯಿತು.

ಮುಂದಿನ ಮೇಳಕ್ಕೆ ಎಣಿಕೆಯ ಮೇಜು ಅಂತ ಬೇರೆ ಮಾಡಿದೆವು. ಹಣದ ಡಬ್ಬಿ ಬಂದಾಗ ಸಂಬಂಧಿಕರಲ್ಲದ ಇಬ್ಬರು ಜೊತೆಯಲ್ಲೇ ತೆರೆಯಬೇಕು. ಒಬ್ಬರು ಎಣಿಸಬೇಕು, ಇನ್ನೊಬ್ಬರು ಮತ್ತೆ ಎಣಿಸಬೇಕು. ಯಾವ ನೋಟು ಎಷ್ಟು, ಚಿಲ್ಲರೆ ಎಷ್ಟು ಅಂತ ಹಾಳೆಯಲ್ಲಿ ಬರೆದು, ಜಾಗ ಬಿಟ್ಟು ಏಳುವ ಮೊದಲೇ ಇಬ್ಬರೂ ಸಹಿ ಮಾಡಬೇಕು. ಒಂದು ಪ್ರತಿ ಹಣದ ಜೊತೆ, ಒಂದು ಪ್ರತಿ ಕಾರ್ಯದರ್ಶಿಗೆ. ಯಾರೂ ಹಣವನ್ನು ಮನೆಗೆ ತಗೊಂಡು ಹೋಗಿ 'ನಾಳೆ ಎಣಿಸ್ತೀನಿ' ಅನ್ನುವ ಹಾಗಿಲ್ಲ. ಬಂದ ಹಣ ಅಷ್ಟೂ ಬ್ಯಾಂಕಿಗೆ ಹೋಗಬೇಕು, ಅದರಿಂದ ಒಂದು ಬಿಡಿಗಾಸನ್ನೂ ಖರ್ಚಿಗೆ ಕೊಡಬಾರದು. ಖರ್ಚಿಗೆ ಮೊದಲೇ ಮುಂಗಡ ತೆಗೆದಿಟ್ಟಿರಬೇಕು. ಆಟದ ಅಂಗಡಿಗಳಿಗೆ ಚಿಲ್ಲರೆ ಕೊಟ್ಟಾಗಲೂ ಎಷ್ಟು ಕೊಟ್ಟೆವು ಅಂತ ಸಹಿ ಪಡೆಯಬೇಕು. ಇಲ್ಲದಿದ್ದರೆ ಸಂಜೆ ಅದನ್ನೂ ಆದಾಯ ಅಂತ ಎಣಿಸಿಬಿಡುತ್ತೇವೆ.

ಇಲ್ಲಿ ಜಗಳವೇ ಆಯಿತು. ವರ್ಷಗಟ್ಟಲೆ ಮೇಳ ನಡೆಸಿದ ಶಿಕ್ಷಕರೊಬ್ಬರು ಮೈಕಿನವರಿಗೆ ಡಬ್ಬಿಯಿಂದ ಕೊಡಲು ಬಂದರು. ಕೊಡಲಾಗುವುದಿಲ್ಲ ಅಂದೆ. "ಇಷ್ಟು ವರ್ಷ ಹೀಗೇ ನಡೆದಿದೆ ಮೇಡಂ, ಆ ಮನುಷ್ಯ ಬಾಗಿಲಲ್ಲಿ ನಿಂತಿದ್ದಾನೆ" ಅಂತ ದನಿ ಏರಿಸಿದರು. ಉಪಾಧ್ಯಕ್ಷೆ ಬಂದು ಮುಂಗಡದ ಲಕೋಟೆಯಿಂದ ಹಣ ಕೊಟ್ಟು ಬಿಲ್ ತಗೊಂಡರು. ಎರಡು ನಿಮಿಷದ ಕೆಲಸ. ಆದರೆ ಆ ಶಿಕ್ಷಕರು ತಿಂಗಳುಗಟ್ಟಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರ ನೋವು ನನಗೆ ಅರ್ಥವಾಗುತ್ತಿತ್ತು. ಏನೂ ತಪ್ಪು ಮಾಡದವರಿಗೆ ಹೊಸ ನಿಯಮ ಬಂದಾಗ ಅದು ತನ್ನ ಮೇಲೆ ಬಂದದ್ದು ಅನ್ನಿಸುತ್ತದೆ. ಅದಕ್ಕೇ ಈ ನಿಯಮಗಳು ಎಲ್ಲ ಚೆನ್ನಾಗಿರುವಾಗಲೇ ಬರಬೇಕು. ಸಂಶಯ ಹುಟ್ಟಿದ ಮೇಲೆ ತಂದ ನಿಯಮ ಯಾರೋ ಒಬ್ಬರ ಕಡೆ ಬೆರಳು ತೋರಿಸುತ್ತದೆ.

ಒಂದು ತರಗತಿಯ ಪೋಷಕರು ಪ್ರವಾಸದ ಹಣವನ್ನು ಒಬ್ಬರ ಸ್ವಂತ ಮೊಬೈಲ್ ಖಾತೆಗೆ ಹಾಕುತ್ತಿದ್ದರು. ಆಮೇಲೆ ಅವರು ಒಟ್ಟಿಗೆ ಸಂಘಕ್ಕೆ ಕಳಿಸುತ್ತಿದ್ದರು. ಅದನ್ನು ನಿಲ್ಲಿಸಿ, ಸಂಘದ ಖಾತೆಗೇ ನೇರ ಹಾಕುವ ಹಾಗೆ ಮಾಡಿದೆವು. ಆ ತಾಯಿಗೆ ತುಂಬಾ ಹಗುರ ಆಯಿತಂತೆ. ತನ್ನ ಮನೆ ಖರ್ಚಿನ ಹಣ ಯಾವುದು, ಮಕ್ಕಳದ್ದು ಯಾವುದು ಅಂತ ಬಿಡಿಸುವಷ್ಟರಲ್ಲಿ ಸಾಕಾಗುತ್ತಿತ್ತು ಅಂದರು.

ಮುಖ್ಯೋಪಾಧ್ಯಾಯಿನಿಯ ಜೊತೆಗಿನ ಮಾತು ಇದಕ್ಕಿಂತ ಕಷ್ಟದ್ದು. ಕಚೇರಿಯ ಸೂರು ಸೋರುತ್ತಿತ್ತು. ಸಂಘದ ಹಣದಿಂದ ಸರಿ ಮಾಡಿಸಿ ಅಂತ ಕೇಳಿದರು. ಸಮಿತಿಯಲ್ಲಿ ಅರ್ಧ ಜನ ಹ್ಞೂಂ ಅಂದರು. ನಾನು ಬೇಡ ಅಂದೆ. ಕಟ್ಟಡ ನೋಡಿಕೊಳ್ಳುವುದು ಶಾಲೆ ನಡೆಸುವವರ ಹೊಣೆ. ಪೋಷಕರು ಕೊಟ್ಟದ್ದು ಮಕ್ಕಳ ಕಲಿಕೆಗೆ ಅಂತ, ನಮ್ಮ ರಸೀದಿಯ ಮೇಲೂ ಹಾಗೇ ಅಚ್ಚಾಗಿದೆ. ಒಂದು ಸಲ ಸೂರಿಗೆ ಕೊಟ್ಟರೆ ಮುಂದಿನ ಸಲ ಗೋಡೆಗೂ ಕೊಡಬೇಕಾಗುತ್ತದೆ, ಹೊಣೆ ಇರುವವರು ಮರೆತೇಬಿಡುತ್ತಾರೆ. ಮತಕ್ಕೆ ಹಾಕಿದಾಗ ಎರಡು ಮತದ ಅಂತರದಲ್ಲಿ ಬೇಡ ಅಂತ ಆಯಿತು. ಸುಮಾರು ದಿನ ಅವರ ಕೋಣೆಗೆ ಹೋಗುವಾಗ ನನಗೆ ಮುಜುಗರ ಆಗುತ್ತಿತ್ತು. ಆದರೆ ಮುಂದಿನ ವರ್ಷದ ಬಜೆಟ್ ಹೊತ್ತಿಗೆ ಅವರೇ ಗ್ರಂಥಾಲಯಕ್ಕೆ ಯಾವ ಪುಸ್ತಕ, ಎಷ್ಟು, ಯಾವ ತರಗತಿಗೆ ಅಂತ ಬರೆದ ಕೋರಿಕೆ ಕಳಿಸಿದರು. ಅಂಥ ಚೆಂದದ ಕೋರಿಕೆ ನಮಗೆ ಮೊದಲು ಬಂದಿರಲಿಲ್ಲ.

ಶಾಲೆಯ ವಾರ್ಷಿಕ ಪುಸ್ತಕ ಅಚ್ಚು ಹಾಕಿಸುವಾಗ ಸಮಿತಿಯ ಸದಸ್ಯರೊಬ್ಬರ ತಮ್ಮನ ಪ್ರೆಸ್ಸಿನಿಂದಲೂ ದರಪಟ್ಟಿ ಬಂತು. ಅವರು ತಾವೇ ಸಂಬಂಧ ಹೇಳಿ, ಚರ್ಚೆ ಮುಗಿಯುವವರೆಗೆ ಹೊರಗೆ ಕೂತರು. ಮೂರು ದರಗಳಲ್ಲಿ ತಮ್ಮನದ್ದೇ ಕಡಿಮೆ ಇತ್ತು, ಅದನ್ನೇ ಒಪ್ಪಿದೆವು. ಅವರು ಹೊರಗೆ ಹೋದದ್ದನ್ನೂ ನಡಾವಳಿಯಲ್ಲಿ ಬರೆದೆವು.

ಎಲ್ಲಕ್ಕಿಂತ ಹೆಚ್ಚು ಯೋಚನೆ ಮಾಡಿಸಿದ್ದು ಕಷ್ಟದಲ್ಲಿರುವ ಮಕ್ಕಳಿಗೆ ಕೊಡುವ ನೆರವು. ಹಣದ ವಿಷಯದಲ್ಲಿ ಎಲ್ಲವೂ ಬಯಲಲ್ಲಿರಬೇಕು. ಆದರೆ ಯಾವ ಮಗುವಿಗೆ ಬೂಟು ಕೊಡಿಸಿದೆವು ಅನ್ನುವುದು ಬಯಲಿಗೆ ಬರಲೇಬಾರದು. ಹಳೆಯ ಪುಸ್ತಕದಲ್ಲಿ ಮಕ್ಕಳ ಹೆಸರೇ ಇತ್ತು. ಆ ಪುಸ್ತಕ ಸಭೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ಅದನ್ನು ನೋಡಿದಾಗ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ತನ್ನ ಮಗನ ಹೆಸರನ್ನು ಅಲ್ಲಿ ಓದಿದ ತಾಯಿ ಮತ್ತೆ ಸಭೆಗೆ ಬರುತ್ತಾಳಾ?

ಅದಕ್ಕೆ ಮೂವರ ಒಂದು ಸಣ್ಣ ಗುಂಪು ಮಾಡಿದೆವು. ಅದರಲ್ಲಿ ಒಬ್ಬರು ಶಿಕ್ಷಕರು. ತರಗತಿಯ ಶಿಕ್ಷಕರು ಅವರಿಗೆ ಮಾತ್ರ ಹೇಳುತ್ತಾರೆ. ಒಟ್ಟು ಎಷ್ಟು ಹಣ ಅಂತ ಸರ್ವಸದಸ್ಯರ ಸಭೆ ವರ್ಷದ ಮೊದಲಲ್ಲೇ ಒಪ್ಪಿರುತ್ತದೆ. ಪುಸ್ತಕದಲ್ಲಿ 'ನೆರವು 1', 'ನೆರವು 2' ಅಂತ ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾವ ಮಗು ಅನ್ನುವ ಪಟ್ಟಿ ಅಂಟಿಸಿದ ಲಕೋಟೆಯಲ್ಲಿ ಶಾಲೆಯ ಬೀರುವಿನಲ್ಲಿ. ಆಡಿಟ್ ಮಾಡುವ ಇಬ್ಬರು ಮಾತ್ರ ತೆರೆದು, ನೋಡಿ, ಮತ್ತೆ ಅಂಟಿಸಿ, ಮೇಲೆ ಸಹಿ ಹಾಕುತ್ತಾರೆ. ಖಜಾಂಚಿಯಾಗಿ ನನಗೂ ಹೆಸರು ಗೊತ್ತಿಲ್ಲ. ಅಂಗಡಿಯ ಬಿಲ್ ಬರುತ್ತದೆ, ಮೂವರ ಸಹಿ ಇರುತ್ತದೆ, ನಾನು ಪಾವತಿ ಮಾಡುತ್ತೇನೆ. ನನಗೆ ಗೊತ್ತಿಲ್ಲ ಅನ್ನುವುದೇ ನನಗೆ ಸಮಾಧಾನ. ಆಟದ ಮೈದಾನದಲ್ಲಿ ಎಲ್ಲ ಮಕ್ಕಳೂ ನನಗೆ ಒಂದೇ ಥರ ಕಾಣುತ್ತಾರೆ.

ತಿಂಗಳ ಲೆಕ್ಕ ತಾಳೆ ನೋಡುವುದನ್ನು ಮಾತ್ರ ನಾನು ಕೈಬಿಟ್ಟೆ. ಬ್ಯಾಂಕಿನ ಸ್ಟೇಟ್‌ಮೆಂಟ್ ಮೊದಲು ಕಾರ್ಯದರ್ಶಿಗೆ ಹೋಗುತ್ತದೆ. ಅವರಿಗೆ ಸಹಿಯ ಅಧಿಕಾರ ಇಲ್ಲ. ಅವರು ನನ್ನ ಪುಸ್ತಕದ ಜೊತೆ ಹೋಲಿಸಿ, ಕೆಳಗೆ ತಾರೀಖು ಹಾಕಿ ಸಹಿ ಮಾಡುತ್ತಾರೆ. ಹಣ ಕೊಡುವವಳೇ ಲೆಕ್ಕ ಬರೆದು, ಅದನ್ನು ತಾಳೆಯೂ ನೋಡಿದರೆ, ನನ್ನ ತಪ್ಪು ನನಗೆ ಹೇಗೆ ಕಾಣಬೇಕು?

ವರ್ಷದ ಕೊನೆಗೆ ಸಹಿಯ ಅಧಿಕಾರ ಇಲ್ಲದ, ಸಮಿತಿಯಲ್ಲೂ ಇಲ್ಲದ ಇಬ್ಬರು ಪೋಷಕರು ಆಡಿಟ್‌ಗೆ ಕೂತರು. ಅವರ ಕೆಲಸ ನೋಡಿ ನಾನು ತುಂಬಾ ಕಲಿತೆ. ಹತ್ತು ಬಿಲ್ ಕೈಗೆ ಸಿಕ್ಕ ಹಾಗೆ ಎತ್ತಿಕೊಂಡರು. ಪ್ರತಿಯೊಂದನ್ನೂ ನಿರ್ಣಯದಲ್ಲಿ ಹುಡುಕಿದರು, ಆಮೇಲೆ ಬ್ಯಾಂಕಿನಲ್ಲಿ. ಇಷ್ಟಕ್ಕೇ ನಿಲ್ಲಿಸಲಿಲ್ಲ. ಮತ್ತೆ ಬ್ಯಾಂಕಿನಿಂದ ಹತ್ತು ಪಾವತಿ ಆರಿಸಿ ಬಿಲ್ಲಿನ ಕಡೆ ಬಂದರು. ಬಿಲ್ಲಿನಿಂದ ಬ್ಯಾಂಕಿಗೆ ಹೋದರೆ, ಬಿಲ್ಲೇ ಇಲ್ಲದ ಪಾವತಿ ಕಣ್ಣಿಗೆ ಬೀಳುವುದಿಲ್ಲ. ಅದು ಬೀಳುವುದು ತಿರುಗಿ ಬಂದಾಗ. ರಸೀದಿ ಪುಸ್ತಕದ ಸಂಖ್ಯೆಗಳನ್ನು ಒಂದೊಂದಾಗಿ ಎಣಿಸಿದರು. ತಪ್ಪಾಗಿ ಬರೆದ ರಸೀದಿಗಳ ಎರಡೂ ಪ್ರತಿ ಪುಸ್ತಕದಲ್ಲೇ ಪಿನ್ ಮಾಡಿಟ್ಟಿದ್ದೆ. ಒಂದು ಸಂಖ್ಯೆಯೂ ತಪ್ಪಿರಲಿಲ್ಲ.

ಹಳೆಯ ಮೇಳದ ಲೆಕ್ಕವನ್ನೂ ಅವರಿಗೆ ಕೊಟ್ಟಿದ್ದೆ. ವರದಿಯಲ್ಲಿ ಮುಚ್ಚುಮರೆ ಇಲ್ಲದೆ ಬರೆದರು. ಬಂದ ಹಣಕ್ಕೂ ಕಟ್ಟಿದ ಹಣಕ್ಕೂ ಇರುವ ವ್ಯತ್ಯಾಸಕ್ಕೆ ಬಿಲ್ಲುಗಳಿವೆ. ಕುರ್ಚಿ ಬಾಡಿಗೆಗೆ ಬಿಲ್ ಇಲ್ಲ, ಆದರೆ ಆ ದಿನದ ಫೋಟೋಗಳಲ್ಲಿ ಬಾಡಿಗೆ ಕುರ್ಚಿಗಳು ಕಾಣುತ್ತವೆ, ಹಿಂದಿನ ವರ್ಷದ ಬಾಡಿಗೆಯೂ ಸುಮಾರು ಅಷ್ಟೇ ಇದೆ. ಸಂಘವು ಹಿಂದಿನ ಖಜಾಂಚಿಗೆ ಒಂಬತ್ತು ಚೀಟಿಗಳ ಹಣ ಕೊಡಬೇಕಿದೆ. ಇದನ್ನು ಸರ್ವಸದಸ್ಯರ ಸಭೆಯಲ್ಲಿ ಪೂರ್ತಿ ಓದಿದೆವು. ಬಿಲ್ ಸಿಗದ ವಿಷಯ ಬಿಟ್ಟುಬಿಡೋಣ ಅಂತ ಒಬ್ಬರು ಹೇಳಿದರು. ಬೇಡ, ಇರುವ ಹಾಗೇ ಇರಲಿ ಅಂದೆ. ಒಂದನ್ನು ಮುಚ್ಚಿಟ್ಟರೆ ಉಳಿದದ್ದನ್ನು ಯಾರು ನಂಬುತ್ತಾರೆ? ಗೇಟಿನ ಹತ್ತಿರ ಮಾತು ಶುರು ಮಾಡಿದವರೂ ಆ ಸಭೆಯಲ್ಲಿದ್ದರು. ತಲೆ ತಗ್ಗಿಸಿ ಕೈ ಎತ್ತಿದರು. ನಿರ್ಣಯ ಎಲ್ಲರ ಒಪ್ಪಿಗೆಯಿಂದ ಆಯಿತು.

ಹಿಂದಿನ ಖಜಾಂಚಿ ಸಭೆಗೆ ಬಂದಿರಲಿಲ್ಲ. ಮಾರನೇ ದಿನ ನಿರ್ಣಯದ ಪ್ರತಿ ಮತ್ತು ಚೆಕ್ ಹಿಡಿದು ಅವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಓದಿದರು. ಎರಡು ಸಲ ಓದಿದರು. ಕಾಗದ ಮಡಚಿ ಕೈಯಲ್ಲೇ ಇಟ್ಟುಕೊಂಡರು.

"ಆ ಕುರ್ಚಿ ಬಿಲ್ ನಾನು ಇನ್ನೂ ಹುಡುಕ್ತಾನೇ ಇದ್ದೀನಿ," ಅಂದರು.

"ಸಾಕು, ಇನ್ನು ಹುಡುಕಬೇಡಿ," ಅಂದೆ. ಅವರು ನನ್ನ ಕೈ ಹಿಡಿದುಕೊಂಡರು. ಇಬ್ಬರಿಗೂ ಮಾತು ಬರಲಿಲ್ಲ.

ನನ್ನ ಎರಡನೇ ಮೇಳದ ದಿನ ಮಧ್ಯಾಹ್ನ ಎಣಿಕೆಯ ಮೇಜಿಗೆ ಬರಬೇಕಿದ್ದ ಒಬ್ಬರಿಗೆ ಹುಷಾರು ತಪ್ಪಿತು. ಯಾರನ್ನು ಕರೆಯೋದು ಅಂತ ಸುತ್ತ ನೋಡುತ್ತಿದ್ದೆ. ಹಿಂದಿನ ಖಜಾಂಚಿ ಮಗಳ ಕೈ ಹಿಡಿದುಕೊಂಡು ಕಾರಿಡಾರಿನಲ್ಲಿ ನಿಂತಿದ್ದರು. ನಾನು ಕರೆಯಲಿಲ್ಲ. ಮಗಳನ್ನು ಆಟಕ್ಕೆ ಕಳಿಸಿ ತಾವೇ ಬಂದು ಕುರ್ಚಿ ಎಳೆದುಕೊಂಡು ಕೂತರು. ಮೊದಲ ಡಬ್ಬಿ ತೆರೆದೆವು. ನಾನು ಎಣಿಸಿದೆ, ಅವರು ಮತ್ತೆ ಎಣಿಸಿದರು. ಒಂದು ನಾಣ್ಯ ಹೆಚ್ಚು ಬಂತು ಅಂತ ಮೂರನೇ ಸಲ ಇಬ್ಬರೂ ಸೇರಿ ಎಣಿಸಿದೆವು. ಅವರದ್ದೇ ಸರಿ ಇತ್ತು. ಹಾಳೆಯ ಕೆಳಗೆ ನಿಧಾನಕ್ಕೆ ತಮ್ಮ ಪೂರ್ತಿ ಹೆಸರು ಬರೆದು ಸಹಿ ಮಾಡಿ, ಪೆನ್ನನ್ನು ನನ್ನ ಕಡೆ ಚಾಚಿದರು.